ಸೇಂಟ್ ಪಾಲ್‌ನ ಶಾಲಾ ಆರೋಗ್ಯ ಕೇಂದ್ರಗಳು: ಜನಬೆಂಬಲ ಬಂದ ದಾರಿಯ ಒಂದು ಪ್ರಕರಣ ಅಧ್ಯಯನ

1973ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ರಾಜಧಾನಿಯಾದ ಸೇಂಟ್ ಪಾಲ್ ನಗರದ ಮೆಕ್ಯಾನಿಕ್ ಆರ್ಟ್ಸ್ ಪ್ರೌಢಶಾಲೆಯೊಳಗೆ ಒಂದು ಚಿಕಿತ್ಸಾಲಯ ಆರಂಭವಾಯಿತು. ಅದನ್ನು ನಡೆಸಿದ್ದು ಶಾಲೆಯ ಆಡಳಿತವಲ್ಲ. ನಗರದ ಸೇಂಟ್ ಪಾಲ್-ರಾಮ್ಸಿ ಆಸ್ಪತ್ರೆಗೆ ಸೇರಿದ ತಾಯಿ-ಶಿಶು ಆರೈಕೆ ಯೋಜನೆ. ಹದಿಹರೆಯದಲ್ಲೇ ಬಸುರಿಯಾದ ಹುಡುಗಿಯರು ಆಸ್ಪತ್ರೆಗೆ ಬರುವುದನ್ನು ಕಾಯುತ್ತ ಕೂರುವ ಬದಲು ಅವರು ದಿನವೂ ಇರುವ ಜಾಗಕ್ಕೆ ವೈದ್ಯರು ಮತ್ತು ದಾದಿಯರೇ ಹೋಗಬೇಕು ಎಂಬುದು ಯೋಜನೆಯ ಹಿಂದಿದ್ದ ಯೋಚನೆ. ಮುಂದಿನ ಇಪ್ಪತ್ತು ವರ್ಷಗಳ ಕಾಲ, ಶಾಲೆಗಳಲ್ಲಿ ಆರೋಗ್ಯ ಕೇಂದ್ರಗಳು ಬೇಕೆಂದು ಅಮೆರಿಕದಲ್ಲಿ ಹಕ್ಕೊತ್ತಾಯ ಮಾಡಿದವರೆಲ್ಲ ಉದಾಹರಣೆಯಾಗಿ ತೋರಿಸಿದ್ದು ಈ ಸೇಂಟ್ ಪಾಲ್ ಪ್ರಯೋಗವನ್ನು. ಬೇಡವೆಂದವರು ಮೊದಲು ಪ್ರಶ್ನಿಸಿದ್ದೂ ಇದನ್ನೇ.

ಶಾಲೆಯೊಳಗಿನ ವೈದ್ಯಕೀಯ ಸೇವೆಗೆ ಊರಿನವರ ಬೆಂಬಲ ಎಲ್ಲಿಂದ ಬಂತು, ಯಾವ ಕಾರಣಕ್ಕೆ ಅಲುಗಾಡಿತು, ಕೊನೆಗೆ ಯಾವ ಆಧಾರದ ಮೇಲೆ ನಿಂತಿತು ಎಂಬುದನ್ನು ಈ ಒಂದೇ ಪ್ರಕರಣದ ಮೂಲಕ ಪರಿಶೀಲಿಸುವುದು ಈ ಬರಹದ ಉದ್ದೇಶ. ನನ್ನ ತಿಳಿವಳಿಕೆಯಂತೆ, ಮಕ್ಕಳ ದಿನನಿತ್ಯದ ಸಾಮಾನ್ಯ ಅಗತ್ಯಗಳ ಮೂಲಕ ಗಳಿಸಿಕೊಂಡ ಬೆಂಬಲ ಇಲ್ಲಿ ಐವತ್ತು ವರ್ಷ ಬಾಳಿತು. ಒಂದು ಆಕರ್ಷಕ ಅಂಕಿಯ ಮೇಲೆ ಕಟ್ಟಿದ ವಾದ ಇಪ್ಪತ್ತು ವರ್ಷವೂ ಬಾಳಲಿಲ್ಲ.

ಹಿನ್ನೆಲೆ

ಶಾಲಾ ಆರೋಗ್ಯ ಕೇಂದ್ರ ಎಂದೊಡನೆ ಕನ್ನಡದ ಓದುಗರಿಗೆ ನೆನಪಾಗುವುದು ವರ್ಷದಲ್ಲಿ ಒಂದೆರಡು ಸಲ ಶಾಲೆಗೆ ಬಂದು, ಮಕ್ಕಳ ಕಣ್ಣು, ಹಲ್ಲು, ತೂಕ ನೋಡಿ, ಚೀಟಿ ಬರೆದು ಹೋಗುವ ತಪಾಸಣಾ ತಂಡ. ಇಲ್ಲಿ ಹೇಳುತ್ತಿರುವುದು ಅದಕ್ಕಿಂತ ಬೇರೆಯಾದ ಏರ್ಪಾಡು. ಶಾಲೆಯ ಕಟ್ಟಡದಲ್ಲೇ ಅಥವಾ ಅದರ ಆವರಣದಲ್ಲೇ ಒಂದು ಕಾಯಂ ಚಿಕಿತ್ಸಾಲಯವಿದ್ದು, ರೋಗ ಪರೀಕ್ಷೆ ಮಾಡಿ ಔಷಧಿ ಬರೆಯುವ ಅಧಿಕಾರವುಳ್ಳ ನರ್ಸ್ ಪ್ರಾಕ್ಟಿಷನರ್ ಒಬ್ಬರು ಅಲ್ಲಿ ಇರುತ್ತಾರೆ. ವೈದ್ಯರು ನಿಗದಿತ ದಿನಗಳಲ್ಲಿ ಬಂದು ಹೋಗುತ್ತಾರೆ. ಸಮಾಜ ಕಾರ್ಯಕರ್ತರು ಅಥವಾ ಆಪ್ತ ಸಮಾಲೋಚಕರೂ ಜೊತೆಗಿರುತ್ತಾರೆ. ಜ್ವರ ಬಂದ ಮಗು, ಉಬ್ಬಸದ ಮಗು, ಮನಸ್ಸು ಕುಗ್ಗಿದ ಮಗು ಒಂದು ತರಗತಿ ತಪ್ಪಿಸಿಕೊಂಡರೆ ಸಾಕು, ಚಿಕಿತ್ಸೆ ಪಡೆದು ಮುಂದಿನ ತರಗತಿಗೆ ಮರಳಬಹುದು. ತಾಯಿಯೋ ತಂದೆಯೋ ದಿನದ ಕೂಲಿ ಕಳೆದುಕೊಂಡು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿಲ್ಲ.

ಇಷ್ಟು ಸರಳವಾದ ಏರ್ಪಾಡು ಅಮೆರಿಕದಲ್ಲಿ ಬಹುಕಾಲ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನ್ಯೂಯಾರ್ಕಿನ ಶಾಲೆಗಳಲ್ಲಿ ಸೋಂಕು ತಗುಲಿದ ಮಕ್ಕಳನ್ನು ಪರೀಕ್ಷಿಸಿ ಮನೆಗೆ ಕಳುಹಿಸುವುದಷ್ಟೇ ನಡೆಯುತ್ತಿತ್ತು. 1902ರಲ್ಲಿ ಲಿನಾ ರೋಜರ್ಸ್ ಎಂಬ ದಾದಿಯನ್ನು ಶಾಲೆಗಳಿಗೆ ನೇಮಿಸಿ, ಕಜ್ಜಿ, ಹೇನು, ಕಣ್ಣುಬೇನೆಯಂಥವನ್ನು ಅಲ್ಲೇ ಉಪಚರಿಸುವ ಪ್ರಯೋಗ ಆರಂಭವಾದ ಮೇಲೆ, ಆ ವರ್ಷದ ಸೆಪ್ಟೆಂಬರಿನಲ್ಲಿ 10,567 ಇದ್ದ ಮನೆಗೆ ಕಳುಹಿಸಲಾದ ಮಕ್ಕಳ ಸಂಖ್ಯೆ ಮರುವರ್ಷದ ಸೆಪ್ಟೆಂಬರಿಗೆ 1,101ಕ್ಕೆ ಇಳಿಯಿತು. ಆದರೂ ಖಾಸಗಿ ವೈದ್ಯರ ಸಂಘಟನೆಗಳ ಒತ್ತಡದಿಂದಾಗಿ ಶಾಲೆಯ ಆರೋಗ್ಯ ಸೇವೆ ಮುಂದಿನ ದಶಕಗಳಲ್ಲಿ ತಪಾಸಣೆ, ಪ್ರಥಮ ಚಿಕಿತ್ಸೆ ಮತ್ತು ಬೇರೆಡೆಗೆ ಕಳುಹಿಸುವ ಕೆಲಸಕ್ಕೇ ಸೀಮಿತವಾಯಿತು. ಚಿಕಿತ್ಸೆ ವೈದ್ಯರ ಕಾರ್ಯಕ್ಷೇತ್ರ, ಅದರೊಳಗೆ ಶಾಲೆ ಕಾಲಿಡಬಾರದು ಎಂಬ ಗೆರೆ ಗಟ್ಟಿಯಾಯಿತು.

ಆ ಗೆರೆ ಸಡಿಲವಾದದ್ದು 1960ರ ದಶಕದಲ್ಲಿ. 1963ರ ಕಾನೂನು ತಿದ್ದುಪಡಿಯಿಂದ ಬಡ ಬಸುರಿ-ಬಾಣಂತಿಯರಿಗಾಗಿ ಕೇಂದ್ರ ಸರ್ಕಾರದ ಹಣ ನಗರದ ಆಸ್ಪತ್ರೆಗಳಿಗೆ ಬರತೊಡಗಿತು. 1965ರಲ್ಲಿ ಬಡವರ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇಡ್ ಜಾರಿಗೆ ಬಂತು. ಅದೇ ವರ್ಷ ಕೊಲೊರಾಡೊದಲ್ಲಿ ನರ್ಸ್ ಪ್ರಾಕ್ಟಿಷನರ್ ತರಬೇತಿ ಮೊದಲಾಯಿತು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಮಕ್ಕಳ ತಜ್ಞ ಫಿಲಿಪ್ ಪೋರ್ಟರ್ 1967ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಇಂಥ ದಾದಿಯರನ್ನು ಕೂರಿಸಿದರು. 1970ರಲ್ಲಿ ಟೆಕ್ಸಸಿನ ಪಶ್ಚಿಮ ಡಲ್ಲಾಸಿನ ಒಂದು ಪ್ರೌಢಶಾಲೆಯಲ್ಲಿ ವೈದ್ಯಕೀಯ ಕಾಲೇಜೊಂದು ಕೇಂದ್ರ ತೆರೆಯಿತು. ಸೇಂಟ್ ಪಾಲ್ ಮೂರನೆಯ ಹೆಸರು. ಆದರೆ ಅತಿ ಹೆಚ್ಚು ಚರ್ಚೆಗೆ ಒಳಗಾದದ್ದು ಅದೇ.

ಕಾನೂನಿನ ಹಿನ್ನೆಲೆಯನ್ನೂ ಗಮನಿಸಬೇಕು. ಬಸುರಿಯಾದ ವಿದ್ಯಾರ್ಥಿನಿಯನ್ನು ಶಾಲೆಯಿಂದ ಹೊರಗಿಡುವುದು ಆವರೆಗೆ ಸಾಮಾನ್ಯ ರೂಢಿಯಾಗಿತ್ತು. ಹೆಣ್ಣು-ಗಂಡೆಂಬ ಭೇದವನ್ನು ಶಿಕ್ಷಣದಲ್ಲಿ ನಿಷೇಧಿಸಿದ ಕಾನೂನು ಬಂದದ್ದು 1972ರಲ್ಲಿ. ಮಿನ್ನೆಸೋಟದಲ್ಲಿ 1971ರ ಕಾನೂನಿನಂತೆ, ಗರ್ಭಧಾರಣೆ ಮತ್ತು ಲೈಂಗಿಕ ಸೋಂಕುಗಳಿಗೆ ಸಂಬಂಧಿಸಿದ ಚಿಕಿತ್ಸೆಗೆ ಅಪ್ರಾಪ್ತ ವಯಸ್ಕರು ತಾವೇ ಒಪ್ಪಿಗೆ ಕೊಡಬಹುದಾಗಿತ್ತು. ಕಾನೂನು ಅವಕಾಶ ಕೊಟ್ಟಿತ್ತು ನಿಜ, ಆದರೆ ಊರು ಒಪ್ಪಿತ್ತೆಂದು ಅದರಿಂದ ಹೇಳಲಾಗದು. ಶಾಲೆಯ ಬಾಗಿಲು ತೆರೆಸುವ ಅಧಿಕಾರ ಇದ್ದದ್ದು ಜನರಿಂದ ಆಯ್ಕೆಯಾದ ಶಾಲಾ ಮಂಡಳಿಯ ಕೈಯಲ್ಲಿ.

ಮಂಡಳಿಯ ಷರತ್ತು

ಚಿಕಿತ್ಸಾಲಯಕ್ಕೆ ಶಾಲೆಯೊಳಗೆ ಜಾಗ ಸಿಕ್ಕಿತು, ಆದರೆ ಗರ್ಭನಿರೋಧಕಗಳನ್ನು ಶಾಲೆಯ ಕಟ್ಟಡದೊಳಗೆ ವಿತರಿಸುವಂತಿರಲಿಲ್ಲ. ತಿಳಿವಳಿಕೆ ಕೊಡಬಹುದು, ಪರೀಕ್ಷೆ ಮಾಡಬಹುದು, ಬಸುರಿಯ ಆರೈಕೆ ಮಾಡಬಹುದು. ಮಾತ್ರೆ ಮಾತ್ರ ಅಲ್ಲಿ ಕೊಡುವಂತಿಲ್ಲ. ಯೋಜನೆಯವರು ಇದಕ್ಕೆ ಒಪ್ಪಿ ಒಂದು ದಾರಿ ಮಾಡಿಕೊಂಡರು: ಸಂಜೆಯ ಹೊತ್ತು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಒಂದು ಚಿಕಿತ್ಸಾಲಯ ನಡೆಸಿ, ಹಗಲು ಶಾಲೆಯಲ್ಲಿದ್ದ ಸಿಬ್ಬಂದಿಯೇ ಅಲ್ಲಿಯೂ ಇರುವಂತೆ ನೋಡಿಕೊಂಡರು. ಹುಡುಗಿ ಸಂಜೆ ಆಸ್ಪತ್ರೆಗೆ ಹೋದಾಗ ಅಪರಿಚಿತರ ಮುಂದೆ ನಿಲ್ಲಬೇಕಾಗಿರಲಿಲ್ಲ; ಬೆಳಿಗ್ಗೆ ಮಾತಾಡಿಸಿದ ಅದೇ ಮುಖ ಅಲ್ಲಿರುತ್ತಿತ್ತು. ಮರುದಿನದಿಂದ ಅವಳ ಮುಂದಿನ ವಿಚಾರಣೆ ಮತ್ತೆ ಶಾಲೆಯಲ್ಲೇ ನಡೆಯುತ್ತಿತ್ತು.

ಈ ರಾಜಿಯ ಬಗ್ಗೆ ಎರಡು ಮಾತು ಹೇಳಬೇಕು. ಶಾಲಾ ಮಂಡಳಿಯ ಸದಸ್ಯರು ಮತ ಕೇಳಲು ಮತ್ತೆ ಅದೇ ಬೀದಿಗಳಿಗೆ ಹೋಗಬೇಕಾದವರು. ಅವರಿಗೆ ಸಾರ್ವಜನಿಕವಾಗಿ ಸಮರ್ಥಿಸಿಕೊಳ್ಳಬಹುದಾದ ಒಂದು ನಿಲುವನ್ನು ಈ ಷರತ್ತು ಒದಗಿಸಿತು, ಇಲ್ಲವಾದರೆ ಕೇಂದ್ರವೇ ತೆರೆಯುತ್ತಿರಲಿಲ್ಲವೆಂದು ನಂಬಲು ಕಾರಣವಿದೆ. ಆದರೆ ಅದರ ಬೆಲೆ ತೆತ್ತವರು ಮಂಡಳಿಯ ಸದಸ್ಯರಲ್ಲ. ಸಂಜೆ ಕೆಲಸಕ್ಕೆ ಹೋಗುವ, ಮನೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುವ, ಬಸ್ಸಿನ ವೆಚ್ಚಕ್ಕೆ ಲೆಕ್ಕ ಹಾಕುವ ಹುಡುಗಿಗೆ ಶಾಲೆಯ ಕೋಣೆಗೂ ಆಸ್ಪತ್ರೆಗೂ ನಡುವಣ ದೂರ ನಿಜವಾದ ಅಡ್ಡಿ. ಬೆಂಬಲಕ್ಕಾಗಿ ರಾಜಿ ಮಾಡಿಕೊಳ್ಳುವವರು ಯಾರ ಪಾಲಿನದನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದನ್ನು ಸ್ಪಷ್ಟವಾಗಿ ತಿಳಿದು, ಆ ನಷ್ಟವನ್ನು ತುಂಬುವ ದಾರಿಯನ್ನೂ ಜೊತೆಗೇ ಯೋಚಿಸಬೇಕೆಂಬುದಕ್ಕೆ ಸೇಂಟ್ ಪಾಲ್‌ನ ಸಂಜೆಯ ಚಿಕಿತ್ಸಾಲಯ ಒಳ್ಳೆಯ ನಿದರ್ಶನ.

ಖಾಲಿ ಕೋಣೆ

ಬಾಗಿಲು ತೆರೆಯಿತು, ಆದರೆ ಮೊದಲ ವರ್ಷ ವಿದ್ಯಾರ್ಥಿಗಳು ಹೆಚ್ಚಾಗಿ ಬರಲಿಲ್ಲ. ಬಸಿರಿನ ಪರೀಕ್ಷೆ, ಬಸುರಿ-ಬಾಣಂತಿಯರ ಆರೈಕೆ, ಲೈಂಗಿಕ ಸೋಂಕಿನ ಪರೀಕ್ಷೆ, ಗರ್ಭನಿರೋಧದ ಸಲಹೆ, ಇಷ್ಟೇ ಅಲ್ಲಿ ಸಿಗುತ್ತಿದ್ದ ಸೇವೆ. ಹೀಗಾಗಿ ಆ ಬಾಗಿಲು ದಾಟಿ ಒಳಗೆ ಹೋದವರು ಯಾತಕ್ಕೆ ಹೋದರೆಂಬುದು ಇಡೀ ಶಾಲೆಗೆ ತಿಳಿದುಬಿಡುತ್ತಿತ್ತು. ಸೇವೆ ಎಷ್ಟೇ ಉತ್ತಮವಾಗಿರಲಿ, ಒಳಗೆ ಕಾಲಿಟ್ಟ ಕ್ಷಣದಲ್ಲೇ ಒಬ್ಬ ಹುಡುಗಿಯ ಗುಟ್ಟು ರಟ್ಟಾಗುವುದಾದರೆ ಅವಳು ಬರುವುದಿಲ್ಲ.

ಇದನ್ನು ಅರಿತ ಯೋಜನೆಯವರು ಸೇವೆಯ ವ್ಯಾಪ್ತಿಯನ್ನು ಹಿಗ್ಗಿಸಿದರು. ಕ್ರೀಡಾ ತಂಡ ಸೇರುವವರಿಗೆ ಬೇಕಾದ ದೇಹ ತಪಾಸಣೆ, ಕೆಲಸಕ್ಕೂ ಕಾಲೇಜಿಗೂ ಬೇಕಾದ ವೈದ್ಯಕೀಯ ಪ್ರಮಾಣಪತ್ರ, ಲಸಿಕೆ, ತೂಕ ಇಳಿಸಿಕೊಳ್ಳುವ ಸಲಹೆ ಮುಂತಾದವು ಅಲ್ಲಿ ಸಿಗತೊಡಗಿದವು. ಹುಡುಗರೂ ಬರತೊಡಗಿದರು. ಫುಟ್‌ಬಾಲ್ ಆಟಗಾರನೂ ಬಸುರಿ ಹುಡುಗಿಯೂ ಒಂದೇ ಬೆಂಚಿನ ಮೇಲೆ ಸರದಿ ಕಾಯುವಂತಾದಾಗ, ಯಾರು ಯಾತಕ್ಕೆ ಬಂದಿದ್ದಾರೆಂದು ಹೊರಗಿನವರು ಊಹಿಸುವುದು ಅಸಾಧ್ಯವಾಯಿತು. ಶಾಲೆಯಲ್ಲೇ ಶಿಶುವಿಹಾರವೂ ಇದ್ದುದರಿಂದ ತಾಯಿಯಾದ ಹುಡುಗಿ ಕೂಸನ್ನು ಅಲ್ಲಿ ಬಿಟ್ಟು ತರಗತಿಗೆ ಹೋಗಬಹುದಾಗಿತ್ತು.

ಈ ಬದಲಾವಣೆಯನ್ನು ಸೇವೆಯ ಸುಧಾರಣೆ ಎಂದಷ್ಟೇ ಓದಿದರೆ ಅರ್ಧ ಮಾತ್ರ ಕಂಡಂತೆ. ಅಲ್ಲಿಂದಾಚೆಗೆ ಕೇಂದ್ರದ ಫಲಾನುಭವಿ ಯಾರು ಎಂಬ ಪ್ರಶ್ನೆಗೆ ಉತ್ತರವೇ ಬದಲಾಯಿತು. ಮೊದಲಿಗೆ ಅದು ಊರು ಮಾತಾಡಲು ಸಂಕೋಚಪಡುವ ಕೆಲವೇ ಹುಡುಗಿಯರ ಕೇಂದ್ರವಾಗಿತ್ತು, ಮತ್ತು ಅವರ ಪರವಾಗಿ ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ನಿಲ್ಲುವವರು ಕಡಿಮೆ. ಸೇವೆ ಹಿಗ್ಗಿದ ಮೇಲೆ ಮಗನಿಗೆ ಆಟದ ಪ್ರಮಾಣಪತ್ರ ಬೇಕಾದ ತಂದೆ, ಮಗಳಿಗೆ ಲಸಿಕೆ ಬೇಕಾದ ತಾಯಿ, ತನ್ನ ತಂಡ ಪಂದ್ಯಗಳಿಗೆ ಸಿದ್ಧವಾಗಬೇಕಾದ ತರಬೇತುದಾರ, ಹಾಜರಾತಿಯ ಚಿಂತೆಯಿರುವ ಮುಖ್ಯೋಪಾಧ್ಯಾಯರು, ಇವರೆಲ್ಲರಿಗೂ ಆ ಕೋಣೆ ಉಳಿಯುವುದರಲ್ಲಿ ಸ್ವಂತ ಹಿತ ಸೇರಿಕೊಂಡಿತು. ಕೇಂದ್ರವನ್ನು ಕಾಪಾಡುವ ಸಮುದಾಯ ಹುಟ್ಟುವುದು ಹೀಗೆ. ಅದು ಭಾಷಣ ಕೇಳಿ ಹುಟ್ಟುವುದು ಅಪರೂಪ.

ಪೋಷಕರ ಒಪ್ಪಿಗೆ ಪತ್ರದ ವಿಚಾರವನ್ನು ಇಲ್ಲೇ ಹೇಳುವುದು ಸರಿ. ಅಮೆರಿಕದ ಶಾಲಾ ಆರೋಗ್ಯ ಕೇಂದ್ರಗಳು ಸಾಮಾನ್ಯವಾಗಿ ವರ್ಷದ ಆರಂಭದಲ್ಲಿ ಪೋಷಕರ ಸಹಿ ಪಡೆಯುತ್ತವೆ. ಯಾವ ಸೇವೆ ಸಿಗುತ್ತದೆ, ಯಾವುದಕ್ಕೆ ರಾಜ್ಯದ ಕಾನೂನು ಮಗುವಿನ ಒಪ್ಪಿಗೆಯನ್ನೇ ಸಾಕೆನ್ನುತ್ತದೆ ಎಂಬುದನ್ನು ಆ ಪತ್ರದಲ್ಲೇ ತಿಳಿಸಲಾಗುತ್ತದೆ. ಇದನ್ನು ಹಲವರು ಕಚೇರಿಯ ಕಾಗದವೆಂದು ತಿಳಿಯುತ್ತಾರೆ. ನಾನು ಇದನ್ನು ಜನಬೆಂಬಲ ಕಟ್ಟುವ ಅತ್ಯಂತ ಮುಖ್ಯ ಸಾಧನವೆಂದು ಭಾವಿಸುತ್ತೇನೆ, ಏಕೆಂದರೆ ಊರಿನ ಪ್ರತಿಯೊಂದು ಮನೆಗೂ ಅಧಿಕೃತವಾಗಿ ತಲಪುವ ಒಂದೇ ಕಾಗದ ಅದು, ಮತ್ತು ಸಹಿ ಹಾಕಿದ ಪೋಷಕರ ಸಂಖ್ಯೆಯೇ ವಿರೋಧ ಎದ್ದ ದಿನ ಮಂಡಳಿಯ ಮುಂದೆ ಇಡಬಹುದಾದ ಉತ್ತರ. ಪತ್ರದಲ್ಲಿ ಏನನ್ನಾದರೂ ಮರೆಮಾಚಿದ್ದರೆ ಅದೇ ಮುಂದೆ ಕೇಂದ್ರದ ವಿರುದ್ಧ ಮೊದಲ ಸಾಕ್ಷಿಯಾಗುತ್ತದೆ.

ಅಂಕಿಯ ಏಳು-ಬೀಳು

ಮೆಕ್ಯಾನಿಕ್ ಆರ್ಟ್ಸ್ ಶಾಲೆ 1976ರಲ್ಲಿ ಮುಚ್ಚಿತು. ಚಿಕಿತ್ಸಾಲಯದ ಕೆಲಸ ಮಾತ್ರ ನಿಲ್ಲದೆ ನಗರದ ಬೇರೆ ಪ್ರೌಢಶಾಲೆಗಳಲ್ಲಿ ಮುಂದುವರಿಯಿತು. 1980ರಲ್ಲಿ ವೈದ್ಯೆ ಲಾರಾ ಎಡ್ವರ್ಡ್ಸ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಶಾಲೆಯ ವಿದ್ಯಾರ್ಥಿನಿಯರಲ್ಲಿ ಹೆರಿಗೆಯ ಪ್ರಮಾಣ 1973ರಲ್ಲಿ ಸಾವಿರಕ್ಕೆ 79 ಇದ್ದದ್ದು 1976ಕ್ಕೆ 35ಕ್ಕೆ ಇಳಿದಿತ್ತು. ಎಂದರೆ ಮೂರೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚಿನ ಇಳಿಕೆ.

ಈ ಸಂಖ್ಯೆ ದೇಶದ ತುಂಬ ಓಡಾಡಿತು. ಹದಿಹರೆಯದ ಬಸಿರು 1980ರ ದಶಕದ ಅಮೆರಿಕದಲ್ಲಿ ದೊಡ್ಡ ಸಾರ್ವಜನಿಕ ಚಿಂತೆಯಾಗಿತ್ತು, ಮತ್ತು ಯಾವುದೇ ನಗರದಲ್ಲಿ ಹೊಸ ಕೇಂದ್ರಕ್ಕಾಗಿ ಅರ್ಜಿ ಹಿಡಿದವರ ಕೈಯಲ್ಲಿ ಸೇಂಟ್ ಪಾಲ್‌ನ ಈ ಅಂಕಿ ಇರುತ್ತಿತ್ತು. ಒಂದೇ ಸಾಲಿನಲ್ಲಿ ಹೇಳಬಹುದಾದ, ಪತ್ರಿಕೆಯ ತಲೆಬರಹಕ್ಕೆ ಹೊಂದುವ, ದಾನಿಗಳಿಗೂ ಶಾಸಕರಿಗೂ ತಕ್ಷಣ ಅರ್ಥವಾಗುವ ಅಂಕಿ ಅದು. ಅದರ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಒಳ್ಳೆಯ ಕೆಲಸಕ್ಕೆ ಹಣ ಬೇಡುವವರು ಇಂಥದೊಂದು ಅಂಕಿಯನ್ನು ಕೈಬಿಡುವುದು ಸುಲಭವಲ್ಲ.

ಆದರೆ ಅಂಕಿಯ ಬುಡ ಗಟ್ಟಿಯಾಗಿರಲಿಲ್ಲ. ಅದು ಲೆಕ್ಕ ಹಾಕಿದ್ದು ಹೆರಿಗೆಯನ್ನು. ಗರ್ಭಪಾತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಸಿರೇ ಕಡಿಮೆಯಾಯಿತೆಂದು ಹೇಳಲಾಗದು ಎಂದು ವಿರೋಧಿಗಳು ಎತ್ತಿ ತೋರಿಸಿದರು, ಮತ್ತು ಆ ಮಾತಿನಲ್ಲಿ ನ್ಯಾಯವಿತ್ತು. ಒಂದು ಶಾಲೆಯ ಹುಡುಗಿಯರ ಸಂಖ್ಯೆಯಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಹೆರಿಗೆ ಹೆಚ್ಚೋ ಕಡಿಮೆಯೋ ಆದರೆ ಸಾವಿರದ ಲೆಕ್ಕಕ್ಕೆ ತಿರುಗಿಸಿದಾಗ ಅದು ದೊಡ್ಡ ಏರಿಳಿತವಾಗಿ ಕಾಣುತ್ತದೆ. ಕೊನೆಗೆ ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿದ್ದು ವಿರೋಧಿಗಳಲ್ಲ. ಸಂಶೋಧಕ ಡಗ್ಲಸ್ ಕರ್ಬಿ ಮತ್ತು ಸಂಗಡಿಗರು ಹೆಚ್ಚು ನಿಖರವಾದ ದಾಖಲೆಗಳ ಆಧಾರದ ಮೇಲೆ ಸೇಂಟ್ ಪಾಲ್‌ನ ಶಾಲೆಗಳ ಹೆರಿಗೆ ಪ್ರಮಾಣವನ್ನು ಮತ್ತೆ ಲೆಕ್ಕ ಹಾಕಿ 1993ರಲ್ಲಿ ಪ್ರಕಟಿಸಿದರು. ಪ್ರಮಾಣ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತಿತ್ತು. ಚಿಕಿತ್ಸಾಲಯ ತೆರೆದದ್ದರಿಂದ ಇಡೀ ಶಾಲೆಯ ಹೆರಿಗೆ ಪ್ರಮಾಣ ಗಣನೀಯವಾಗಿ ಇಳಿಯಿತೆನ್ನಲು ಆಧಾರ ಸಿಗಲಿಲ್ಲ.

ಹೆರಿಗೆ ಪ್ರಮಾಣ ಇಳಿಸುವುದೊಂದೇ ಉದ್ದೇಶವೆಂದು ಹೇಳಿ ಕಟ್ಟಿದ ಕೇಂದ್ರವಾಗಿದ್ದರೆ, ಆ ವರದಿಯ ನಂತರ ಅದನ್ನು ಉಳಿಸಿಕೊಳ್ಳಲು ಯಾವ ವಾದವೂ ಇರುತ್ತಿರಲಿಲ್ಲ. ಸೇಂಟ್ ಪಾಲ್‌ನಲ್ಲಿ ಕೇಂದ್ರಗಳು ಮುಚ್ಚಲಿಲ್ಲ. ಲಸಿಕೆಗೆ, ಗಂಟಲುನೋವಿಗೆ, ಆಟದ ಪ್ರಮಾಣಪತ್ರಕ್ಕೆ, ಮನಸ್ಸಿನ ಸಂಕಟ ಹೇಳಿಕೊಳ್ಳಲು ಅಲ್ಲಿಗೆ ಬರುತ್ತಿದ್ದ ಮಕ್ಕಳಿಗೂ ಅವರ ಮನೆಯವರಿಗೂ ಆ ಸಂಖ್ಯೆ ಸರಿಯೋ ತಪ್ಪೋ ಎಂಬುದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ದೇಶದ ವೇದಿಕೆಗಳಲ್ಲಿ ನಡೆದ ವಾದ ಒಂದಾಗಿತ್ತು, ಊರಿನಲ್ಲಿ ಕೇಂದ್ರವನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಆಗಿತ್ತು.

ಬೇರೆ ಊರುಗಳಲ್ಲಿ

ಹೋಲಿಕೆಗೆ ಷಿಕಾಗೊ ನಗರವನ್ನು ನೋಡಬಹುದು. ಅದರ ದಕ್ಷಿಣ ಭಾಗದಲ್ಲಿ, ರಾಬರ್ಟ್ ಟೇಲರ್ ಹೋಮ್ಸ್ ಎಂಬ ಬೃಹತ್ ಸರ್ಕಾರಿ ವಸತಿ ಸಮುಚ್ಚಯದ ಬಳಿಯ ಡುಸಾಬಲ್ ಪ್ರೌಢಶಾಲೆಯಲ್ಲಿ 1985ರಲ್ಲಿ ತೆರೆದ ಕೇಂದ್ರ ಗರ್ಭನಿರೋಧಕಗಳನ್ನು ಅಲ್ಲೇ ಕೊಡುತ್ತಿತ್ತು. ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂತು, ಪ್ರತಿಭಟನೆಗಳಾದವು, ಧರ್ಮಗುರುಗಳೂ ಪೋಷಕರೂ ನ್ಯಾಯಾಲಯದ ಮೆಟ್ಟಿಲೇರಿದರು. ಕಪ್ಪುಜನರ ನೆರೆಹೊರೆಯಲ್ಲೇ ಇದು ಮೊದಲು ಬಂದದ್ದೇಕೆ ಎಂಬ ಅವರ ಸಂಶಯವನ್ನು ಕೇವಲ ಮಡಿವಂತಿಕೆ ಎಂದು ತಳ್ಳಿಹಾಕುವಂತಿಲ್ಲ. ಬಡ ಕಪ್ಪು ಹೆಂಗಸರಿಗೆ ಒಪ್ಪಿಗೆಯಿಲ್ಲದೆ ಸಂತಾನಹರಣ ಮಾಡಿದ ಕಹಿ ಇತಿಹಾಸ ಆ ದೇಶದಲ್ಲಿತ್ತು. ಕೇಂದ್ರವೇನೋ ಉಳಿಯಿತು. ಆದರೆ ತೆರೆಯುವ ಮೊದಲೇ ಕೇಳಿಸಿಕೊಳ್ಳಬೇಕಾದ ಮಾತುಗಳು ನ್ಯಾಯಾಲಯದಲ್ಲಿ ಕೇಳಿಬಂದಾಗ ಎರಡೂ ಕಡೆಯವರ ದನಿ ಒರಟಾಗಿರುತ್ತದೆ.

ಲೂಸಿಯಾನ ರಾಜ್ಯ ಹಿಡಿದದ್ದು ಇನ್ನೊಂದು ತುದಿ. ಹದಿಹರೆಯದವರ ಶಾಲಾ ಆರೋಗ್ಯಕ್ಕಾಗಿ 1991ರಲ್ಲಿ ಅದು ಕಾನೂನನ್ನೇ ಮಾಡಿತು, ಜೊತೆಗೆ ಗರ್ಭನಿರೋಧಕಗಳ ವಿತರಣೆಯನ್ನೂ ಗರ್ಭಪಾತದ ಸಲಹೆಯನ್ನೂ ಅದೇ ಕಾನೂನಿನಲ್ಲಿ ನಿಷೇಧಿಸಿತು. ಅದರಿಂದ ಕೇಂದ್ರಗಳಿಗೆ ರಾಜ್ಯದ ಮಾನ್ಯತೆ ದೊರೆಯಿತು. ಸೇಂಟ್ ಪಾಲ್‌ನಲ್ಲಿ ಷರತ್ತು ಒಂದು ಊರಿನ ಮಂಡಳಿಯದಾಗಿದ್ದರೆ ಇಲ್ಲಿ ಅದು ಇಡೀ ರಾಜ್ಯದ ಕಾನೂನಾಯಿತು, ಮತ್ತು ಕಾನೂನಿಗೆ ಸೇರಿದ ಷರತ್ತನ್ನು ತೆಗೆಸುವುದು ಊರಿನ ಜನರ ಕೈಯಲ್ಲಿ ಇರುವುದಿಲ್ಲ.

ಹಣದ ವಿಚಾರ ಎಲ್ಲ ಕಡೆಯೂ ಒಂದೇ. ಕೋಣೆ ಕಟ್ಟಲು ಹಣ ಸಿಗುತ್ತದೆ, ದಾದಿಯ ಸಂಬಳಕ್ಕೆ ಸಿಗುವುದಿಲ್ಲ. 2010ರ ಆರೋಗ್ಯ ಸುಧಾರಣಾ ಕಾನೂನು ಈ ಕೇಂದ್ರಗಳಿಗೆ ನಾಲ್ಕು ವರ್ಷಗಳಲ್ಲಿ 20 ಕೋಟಿ ಡಾಲರ್ ಕೊಟ್ಟಿತು. ಅದು ಕಟ್ಟಡ ಮತ್ತು ಉಪಕರಣಗಳಿಗೆ ಮಾತ್ರ. ನಿತ್ಯದ ವೆಚ್ಚಕ್ಕಾಗಿ ಅದೇ ಕಾನೂನಿನಲ್ಲಿ ಅನುಮತಿಯ ಸಾಲಿತ್ತು, ಹಣ ಬಿಡುಗಡೆಯಾಗಲಿಲ್ಲ. ಅದರಿಂದಾಗಿ ಪ್ರತಿ ಕೇಂದ್ರವೂ ಮೆಡಿಕೇಡ್ ಬಿಲ್ಲು, ರಾಜ್ಯದ ಅನುದಾನ, ಪ್ರತಿಷ್ಠಾನಗಳ ದೇಣಿಗೆ, ನಡೆಸುವ ಆಸ್ಪತ್ರೆಯ ಔದಾರ್ಯ ಇವನ್ನು ಹೊಂದಿಸಿಕೊಂಡು ಬದುಕಬೇಕು. 1995ರಲ್ಲಿ ಕೇಂದ್ರಗಳೆಲ್ಲ ಸೇರಿ ರಾಷ್ಟ್ರಮಟ್ಟದ ಸಂಘಟನೆ ಕಟ್ಟಿಕೊಂಡದ್ದಕ್ಕೂ, ರಾಜ್ಯ ರಾಜ್ಯಗಳಲ್ಲಿ ಸಂಘಗಳು ಹುಟ್ಟಿ ಪೋಷಕರನ್ನೂ ವಿದ್ಯಾರ್ಥಿಗಳನ್ನೂ ಶಾಸಕರ ಮುಂದೆ ಕರೆದೊಯ್ಯತೊಡಗಿದ್ದಕ್ಕೂ ಈ ಅಭದ್ರತೆಯೇ ದೊಡ್ಡ ಕಾರಣ. ಶಾಸಕರ ಕೋಣೆಯಲ್ಲಿ ವೈದ್ಯರ ಮಾತಿಗಿಂತ, ಉಬ್ಬಸ ಬಂದಾಗ ತನಗೆ ಏನಾಯಿತೆಂದು ಹೇಳುವ ಹದಿನಾರರ ವಿದ್ಯಾರ್ಥಿಯ ಮಾತಿಗೆ ತೂಕ ಹೆಚ್ಚು.

ವಾದದ ಆಧಾರವೂ ಈ ನಡುವೆ ಬದಲಾಗಿದೆ. ಕಡಿಮೆ ಆದಾಯದ ಬಡಾವಣೆಗಳಲ್ಲಿ ಶಾಲಾ ಆರೋಗ್ಯ ಕೇಂದ್ರಗಳಿರಬೇಕೆಂದು ಅಮೆರಿಕದ ಸಮುದಾಯ ರೋಗತಡೆ ಸೇವೆಗಳ ಕಾರ್ಯಪಡೆ 2015ರಲ್ಲಿ ಶಿಫಾರಸು ಮಾಡಿದಾಗ, ಅದು ಮುಂದಿಟ್ಟದ್ದು ಒಂದು ಶಾಲೆಯ ಒಂದು ಅಂಕಿಯನ್ನಲ್ಲ. ಲಸಿಕೆ ಪಡೆದ ಮಕ್ಕಳ ಪ್ರಮಾಣ, ಉಬ್ಬಸದಿಂದ ತುರ್ತು ಚಿಕಿತ್ಸೆಗೂ ಆಸ್ಪತ್ರೆಗೂ ಸೇರುವವರ ಪ್ರಮಾಣ, ಪ್ರೌಢಶಾಲೆ ಮುಗಿಸುವವರ ಪ್ರಮಾಣ ಹೀಗೆ ಹಲವು ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡಲಾಗಿತ್ತು. 2021-22ರ ಗಣತಿಯ ವೇಳೆಗೆ ದೇಶದಲ್ಲಿ ಇಂಥ ಕೇಂದ್ರಗಳ ಸಂಖ್ಯೆ ಸುಮಾರು 3,900 ಆಗಿತ್ತು.

ಸೇಂಟ್ ಪಾಲ್‌ನಲ್ಲಿ ಕೇಂದ್ರಗಳನ್ನು ನಡೆಸುವ ಹೊಣೆ ಆಸ್ಪತ್ರೆಯ ಯೋಜನೆಯಿಂದ ಹೆಲ್ತ್ ಸ್ಟಾರ್ಟ್ ಎಂಬ ಸಂಸ್ಥೆಗೆ, ಅಲ್ಲಿಂದ ಈಗ ಮಿನ್ನೆಸೋಟ ಕಮ್ಯೂನಿಟಿ ಕೇರ್ ಎಂಬ ಹೆಸರಿರುವ ಸಮುದಾಯ ಆರೋಗ್ಯ ಸಂಸ್ಥೆಗೆ ಬಂದಿದೆ. ನಡೆಸುವವರು ಬದಲಾದರೂ ನಗರದ ಪ್ರೌಢಶಾಲೆಗಳಲ್ಲಿ ಹೆಲ್ತ್ ಸ್ಟಾರ್ಟ್ ಎಂಬ ಹಳೆಯ ಹೆಸರೇ ಬಳಕೆಯಲ್ಲಿ ಉಳಿಯಿತು. ಮೆಕ್ಯಾನಿಕ್ ಆರ್ಟ್ಸ್‌ನ ಕೋಣೆ ತೆರೆದು ಐವತ್ತು ವರ್ಷವಾದ 2023ರಲ್ಲಿ ಮಿನ್ನೆಸೋಟದ ಶಾಸನಸಭೆ ಶಾಲಾ ಆರೋಗ್ಯ ಕೇಂದ್ರ ಎಂದರೇನೆಂದು ರಾಜ್ಯದ ಕಾನೂನಿನಲ್ಲಿ ಬರೆಯಿತು, ಮತ್ತು ಇರುವ ಕೇಂದ್ರಗಳನ್ನು ನಡೆಸಲೂ ಹೊಸವನ್ನು ತೆರೆಯಲೂ ಅನುದಾನ ಕೊಡುವಂತೆ ಆರೋಗ್ಯ ಆಯುಕ್ತರಿಗೆ ಹೊಣೆ ವಹಿಸಿತು.